ಜಕ್ಕಲಿಯ ಮೇಟಿ

ಸುಗ್ಗಿ ಬಂತೆಂದರೆ ನಮ್ಮಜ್ಜ ಮೊದಲು ಹುಡುಕುತ್ತಿದ್ದುದು ಮೇಟಿಯನ್ನು. ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟ ಆ ಕಂಬವನ್ನು ಹೊರಗೆ ತಂದು, ಕಲ್ಲಿನಿಂದ ಬಡಿದು, ಹುಳ ಹತ್ತಿದೆಯೋ ಎಂದು ಉಗುರಿನಿಂದ ಕೆರೆದು ನೋಡಿದ ಮೇಲೆಯೇ ಕಣದ ಮಾತು. ಹೊಲದ ಮೂಲೆಯಲ್ಲಿ ನೆಲ ಕೆತ್ತಿ, ನೀರು ಹೊಡೆದು, ದನಗಳಿಂದ ತುಳಿಸಿ, ಸಗಣಿ ಸಾರಿಸಿದ ದುಂಡನೆಯ ಕಣ. ಅದರ ನಟ್ಟನಡುವೆ ಮೇಟಿ. ಸುತ್ತಲೂ ಬಿಳಿಜೋಳದ ತೆನೆ ಹರಡಿ, ಎತ್ತುಗಳನ್ನು ಕೊರಳಿಗೆ ಕೊರಳು ಕಟ್ಟಿ ಸುತ್ತು ಹಾಕಿಸಿದರೆ ಅದು ಹಂತಿ. ಮೇಟಿಯ ಮಗ್ಗುಲಿಗೆ ವಯಸ್ಸಾದ, ನಿಧಾನದ ಎತ್ತು. ಹೊರಗಿನ ತುದಿಗೆ ಹರೆಯದ್ದು. ಹೊರಗಿನದು ಓಡೋಡಿ ಸುತ್ತು ಮುಗಿಸುವ ಹೊತ್ತಿಗೆ ಒಳಗಿನದು ನಿಂತಲ್ಲೇ ತಿರುಗಿದಂತೆ ಕಾಣುತ್ತಿತ್ತು. ರಾತ್ರಿಯ ತಂಪು ಹೊತ್ತಿನಲ್ಲಿ ಹಂತಿ ಹೂಡುತ್ತಿದ್ದರು. ನಿದ್ದೆ ಹತ್ತಬಾರದೆಂದು ಹಾಡುತ್ತಿದ್ದರು. ನಾನು ಹೊಟ್ಟಿನ ಮೇಲೆ ಕಂಬಳಿ ಹೊದ್ದು ಮಲಗಿ ಕೇಳುತ್ತಿದ್ದೆ.

“ಎತ್ತು ಒಂದು ಕುಂಟಿದ್ರ ಬ್ಯಾರೇದು ಕಟ್ಟಬಹುದು ತಮ್ಮಾ. ಮ್ಯಾಟಿ ಅಳ್ಳಾಡಿದ್ರ ಹಂತಿನ ಕೆಟ್ಟುಹೋತು” ಎಂದು ಅಜ್ಜ ಹೇಳುತ್ತಿದ್ದ.

ಆ ಕಣಗಳು ಈಗಿಲ್ಲ. ಯಂತ್ರ ಹೊಲಕ್ಕೇ ಬಂದು ಒಂದು ಹೊತ್ತಿನಲ್ಲಿ ಕಾಳು ಬೇರೆ, ಹೊಟ್ಟು ಬೇರೆ ಮಾಡಿಕೊಟ್ಟು ಹೋಗುತ್ತದೆ. ಒಕ್ಕಲುತನಕ್ಕೇ ‘ಮೇಟಿ ವಿದ್ಯೆ’ ಎಂಬ ಹೆಸರು ತಂದುಕೊಟ್ಟ ಆ ಕಂಬ ನಮ್ಮ ರೋಣ, ನರಗುಂದ, ಗಜೇಂದ್ರಗಡ ಸೀಮೆಯಲ್ಲಿ ಇವತ್ತು ಉಳಿದಿರುವುದು ಮನೆತನಗಳ ಅಡ್ಡಹೆಸರಿನಲ್ಲಿ. ಅವುಗಳಲ್ಲಿ ನಾಡಿಗೆಲ್ಲ ಗೊತ್ತಿರಬೇಕಾದ ಹೆಸರೊಂದಿದೆ: ಜಕ್ಕಲಿಯ ಅಂದಾನಪ್ಪ ಜ್ಞಾನಪ್ಪ ದೊಡ್ಡಮೇಟಿ. 1908ರ ಮಾರ್ಚ್ 8ರಂದು ಹುಟ್ಟಿದವರು. ನಮ್ಮ ಕಡೆ ಮಾರ್ಚ್ ಎಂದರೆ ರಾಶಿ ಮನೆಗೆ ಬಂದು, ಹೊಲ ಬರಿದಾಗಿ, ಎರೆನೆಲ ಬಿರುಕು ಬಿಡಲು ತೊಡಗುವ ಹೊತ್ತು.

ಅವರ ಹೆಸರನ್ನು ನಾನು ಮೊದಲು ಕೇಳಿದ್ದು ಶಾಲೆಯಲ್ಲಲ್ಲ, ಗಜೇಂದ್ರಗಡದ ಬಜಾರಿನ ಒಂದು ಸಿಂಪಿಗರ ಅಂಗಡಿಯಲ್ಲಿ. ಅದು ನಮ್ಮ ಕಾಕಾನ ಅಂಗಡಿ. ಎದುರಿಗೆ ಕೆಂಡದ ಇಸ್ತ್ರಿ, ಗೋಡೆಗೆ ಅರ್ಧ ಹೊಲಿದ ಅಂಗಿಗಳ ಸಾಲು, ಕಾಲ ಕೆಳಗೆ ಬಣ್ಣಬಣ್ಣದ ಚಿಂದಿ. ಕಾಕಾ ಹೆಚ್ಚು ಓದಿದವನಲ್ಲ. ಆದರೆ ಬೆಳಿಗ್ಗೆ ಪೇಪರ್ ಬಂದ ಕೂಡಲೆ ಅಂಗಡಿಯ ಕಟ್ಟೆ ತುಂಬುತ್ತಿತ್ತು. ಕುಣಿಮಗ್ಗ ಬಿಟ್ಟು ಚಹಾಕ್ಕೆ ಎದ್ದು ಬಂದ ನೇಕಾರರು, ಸಂತೆಗೆ ಬಂದ ರೈತರು, ಕಾಳಿನ ದಲಾಲರು ಅಲ್ಲಿ ಕೂಡುತ್ತಿದ್ದರು. ಓದು ಬಂದವನೊಬ್ಬ ದೊಡ್ಡ ದನಿಯಲ್ಲಿ ಓದುತ್ತಿದ್ದ. ಕಾಕಾ ಮೆಷೀನು ತುಳಿಯುತ್ತಲೇ ಕೇಳುತ್ತಿದ್ದ. ಹಿಡಿಸದ ಸುದ್ದಿ ಬಂದರೆ ಮೆಷೀನು ನಿಲ್ಲುತ್ತಿತ್ತು. ಒಮ್ಮೆ ಯಾರೋ ಮುಖಂಡರು ಪಕ್ಷ ಬದಲಿಸಿದ ಸುದ್ದಿ ಓದಿದಾಗ ಸೂಜಿಗೆ ದಾರ ಪೋಣಿಸುತ್ತ ಅಂದಿದ್ದ: “ನಮ್ಮ ದೊಡ್ಡಮೇಟಿ ಅಂದಾನಪ್ಪಾರು ನಾಡಿನ ಸಲುವಾಗಿ ಖುರ್ಚಿ ಬಿಟ್ಟು ಬಂದು ನೆಲದ ಮ್ಯಾಲ ಕುಂತಿದ್ರು.” ಅದರ ಅರ್ಥ ನನಗೆ ಆಗ ಆಗಲಿಲ್ಲ.

ಬಹಳ ವರ್ಷಗಳ ಮೇಲೆ ಅಮೆರಿಕದ ಆಂಡ್ರೂ ಜಾನ್ಸನ್‌ನ ಕಥೆ ಓದುವಾಗ ಕಾಕಾನ ಅಂಗಡಿ ಕಣ್ಣ ಮುಂದೆ ಬಂತು. ದೊಡ್ಡಮೇಟಿಯವರಿಗಿಂತ ಹೆಚ್ಚುಕಡಿಮೆ ನೂರು ವರ್ಷ ಮೊದಲು, 1808ರಲ್ಲಿ, ಉತ್ತರ ಕೆರೊಲಿನಾದ ರಾಲಿಯಲ್ಲಿ ಹುಟ್ಟಿದವನು. ಮೂರು ವರ್ಷಕ್ಕೇ ತಂದೆ ತೀರಿಕೊಂಡ. ಬಡ ತಾಯಿ ಹುಡುಗನನ್ನು ಒಬ್ಬ ಸಿಂಪಿಗನ ಬಳಿ ಕೆಲಸ ಕಲಿಯಲು ಕರಾರಿನ ಮೇಲೆ ಬಿಟ್ಟಳು. ಶಾಲೆಯ ಮುಖ ನೋಡಿದವನಲ್ಲ. ಅಂಗಡಿಗೆ ಬಂದವರು ಓದುತ್ತಿದ್ದ ಭಾಷಣಗಳನ್ನು ಕೇಳಿ ಕೇಳಿಯೇ ಓದಿನ ರುಚಿ ಹತ್ತಿತು. ಕರಾರು ಮುರಿದು ಓಡಿಹೋದಾಗ, ಹಿಡಿದು ತಂದವರಿಗೆ ಹತ್ತು ಡಾಲರ್ ಇನಾಮು ಎಂದು ಯಜಮಾನ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟ. ಟೆನೆಸಿಯ ಗ್ರೀನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಹುಡುಗ ಸ್ವಂತ ಅಂಗಡಿ ಹಾಕಿದ. ಬರವಣಿಗೆ, ಲೆಕ್ಕ ಹೇಳಿಕೊಟ್ಟವಳು ಹೆಂಡತಿ ಎಲೈಜಾ. ಆ ಅಂಗಡಿಯೇ ಊರಿನ ಚರ್ಚೆಯ ಕಟ್ಟೆಯಾಯಿತು. 1829ರಲ್ಲಿ ಊರ ಸಭೆಯ ಸದಸ್ಯ, 1834ರಲ್ಲಿ ಮೇಯರ್, 1853ರಲ್ಲಿ ರಾಜ್ಯದ ಗವರ್ನರ್. ಗುಂಡೇಟು ತಿಂದ ಲಿಂಕನ್ ಕೊನೆಯುಸಿರೆಳೆದ ಬೆಳಿಗ್ಗೆ, 1865ರ ಏಪ್ರಿಲ್ 15ರಂದು, ದೇಶದ ಅಧ್ಯಕ್ಷ. ಗವರ್ನರ್ ಆದ ಮೇಲೂ ನೆರೆರಾಜ್ಯದ ಗವರ್ನರನಿಗೆ ತನ್ನ ಕೈಯಾರೆ ಕೋಟು ಹೊಲಿದು ಕಳಿಸಿದನಂತೆ. ಅವನ ಅಂಗಡಿಯನ್ನು ಗ್ರೀನ್‌ವಿಲ್‌ನಲ್ಲಿ ಇವತ್ತಿಗೂ ಕಾಪಾಡಿ ಇಟ್ಟಿದ್ದಾರೆ.

ಕಥೆ ಇಲ್ಲಿಗೇ ನಿಂತಿದ್ದರೆ ಮಕ್ಕಳಿಗೆ ಹೇಳಲು ಚೆಂದ. ಆದರೆ ಕರಾರಿನ ಆಳಾಗಿ ಬೆಳೆದ ಈ ಮನುಷ್ಯ ತಾನೇ ಗುಲಾಮರನ್ನು ಇಟ್ಟುಕೊಂಡಿದ್ದ. ಅಧ್ಯಕ್ಷನಾದ ಮೇಲೆ, ಬಿಡುಗಡೆ ಹೊಂದಿದ ಕಪ್ಪು ಜನರಿಗೆ ಪೌರಹಕ್ಕು ಕೊಡುವ 1866ರ ಕಾನೂನಿಗೆ ಅಡ್ಡ ನಿಂತ. ಸಂಸತ್ತು ಅವನನ್ನು ಮೀರಿ ಆ ಕಾನೂನು ತಂದಿತು. 1868ರ ಮಹಾಭಿಯೋಗದಲ್ಲಿ ಒಂದೇ ಒಂದು ಮತದಿಂದ ಅವನ ಪದವಿ ಉಳಿಯಿತು. ದುಡಿದು ಮೇಲೆ ಬಂದವನಿಗೆ ದುಡಿಯುವವರ ಕಷ್ಟ ತಾನಾಗಿಯೇ ಗೊತ್ತಿರುತ್ತದೆ ಎಂದು ನಾವು ನಂಬಲು ಬಯಸುತ್ತೇವೆ. ಜಾನ್ಸನ್‌ನ ಬದುಕು ಆ ನಂಬಿಕೆಗೆ ಪೆಟ್ಟು ಕೊಡುತ್ತದೆ. ಕಸುಬಿನಿಂದ ಬಂದವನು ಅಧಿಕಾರದ ಮನೆಗೆ ಏನನ್ನು ಹೊತ್ತು ತಂದ, ಯಾರನ್ನು ಬಾಗಿಲ ಹೊರಗೆ ಬಿಟ್ಟ ಎಂದು ಕೇಳಲೇಬೇಕು. ಆ ಪ್ರಶ್ನೆ ಹಿಡಿದುಕೊಂಡೇ ನಾನು ಜಕ್ಕಲಿಯ ಕಡೆಗೆ ತಿರುಗಿದೆ.

ಕನ್ನಡ ನಾಡನ್ನು ಒಂದುಗೂಡಿಸಲು ದೊಡ್ಡಮೇಟಿಯವರು ನಡೆಸಿದ ಹೋರಾಟ ಅರ್ಥವಾಗಬೇಕಾದರೆ ಆಗಿನ ಗಡಿಗಳನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ರೋಣ, ನರಗುಂದ, ಗದಗ ಎಲ್ಲವೂ ಧಾರವಾಡ ಜಿಲ್ಲೆ. ಧಾರವಾಡ ಮುಂಬಯಿ ಪ್ರಾಂತದ ತೆಂಕಣ ತುದಿ. ಗಜೇಂದ್ರಗಡದ ಗುಡ್ಡ ಇಳಿದು ಮೂಡಣಕ್ಕೆ ಹೋದರೆ ಕುಷ್ಟಗಿ, ಯಲಬುರ್ಗಾ. ಅವು ನಿಜಾಮನ ಹೈದರಾಬಾದು. ಬಡಗಣಕ್ಕೆ ರಾಮದುರ್ಗ, ಮುಧೋಳದಂಥ ಸಂಸ್ಥಾನಗಳು. ನೆಲ ಅದೇ ಕರಿ ಎರೆ. ಬೆಳೆ ಅದೇ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿ. ಕೊಡುವ-ತರುವ ಬೀಗತನ ಗಡಿಯ ಎರಡೂ ಕಡೆ. ಆದರೆ ಈಚೆ ನಡೆಯುವ ರೂಪಾಯಿ ಕಲ್ದಾರ, ಆಚೆಯದು ಹಾಲಿ ಸಿಕ್ಕಾ. ಎರಡಕ್ಕೂ ಬೆಲೆ ಬೇರೆ. ಸೀರೆಯ ಗಂಟು ಹೊತ್ತು ಯಲಬುರ್ಗಾದ ಸಂತೆಗೆ ಹೊರಟ ಗಜೇಂದ್ರಗಡದ ನೇಕಾರನಿಗೆ ನಡುವೆ ನಿಜಾಮನ ಸುಂಕದ ನಾಕಾ. ಆಚೆಯ ಕಚೇರಿಯಲ್ಲಿ ಉರ್ದು. ಈಚೆ ಪ್ರಾಂತದ ಹಿರಿಯ ಕಚೇರಿಗಳಲ್ಲಿ ಇಂಗ್ಲಿಷು, ಮರಾಠಿ. ಕನ್ನಡ ಆಡುವ ಜನ ಹೀಗೆ ಇಪ್ಪತ್ತರಷ್ಟು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು. ಅರ್ಜಿ ಬರೆಸಿಕೊಳ್ಳಲು ಬೇರೆಯವರ ಕೈ ಕಾಯಬೇಕಾದ ರೈತನಿಗೆ, ನಾಕಾದಲ್ಲಿ ಗಂಟು ಬಿಚ್ಚಿ ತೋರಿಸಬೇಕಾದ ನೇಕಾರನಿಗೆ ಏಕೀಕರಣ ಎಂದರೆ ದಿನದ ಅನ್ನದ ಮಾತಾಗಿತ್ತು. ಪಂಡಿತರ ಸಭೆಗಳಷ್ಟನ್ನೇ ಓದಿದರೆ ಇದು ಕಣ್ಣಿಗೆ ಬೀಳುವುದಿಲ್ಲ.

1947-48ರಲ್ಲಿ ಈ ಗಡಿಯೇ ರಣರಂಗವಾಯಿತು. ಹೈದರಾಬಾದಿನ ವಿಮೋಚನೆಗಾಗಿ ಗಡಿಯ ಈಚೆ ಶಿಬಿರಗಳು ಎದ್ದವು. ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ, ಮುಂಡರಗಿಯದಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿ ಮುಂದಾಳುಗಳು. ಮೊನ್ನೆಮೊನ್ನೆಯವರೆಗೂ ನಮ್ಮೂರಿನ ಹಿರಿಯರು ಆ ದಿನಗಳಲ್ಲಿ ಗಡಿ ದಾಟಿ ಬಂದ ನೆಂಟರಿಗೆ ರೊಟ್ಟಿ ಬಡಿದು ಬಡಿದು ಕೈ ಸೋತದ್ದನ್ನು ಹೇಳುತ್ತಿದ್ದರು.

ದೊಡ್ಡಮೇಟಿಯವರು ಗಾಂಧಿ ಯುಗದ ಮಕ್ಕಳು. ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ 1924ರಲ್ಲಿ ನಡೆದಾಗ ಅವರಿಗೆ ಹದಿನಾರು. ಅಲ್ಲಿ ಗದಗಿನ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತು. ಅದೇ ಹೊತ್ತಿಗೆ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲ ಏಕೀಕರಣ ಪರಿಷತ್ತೂ ಸೇರಿತು. ಸ್ವಾತಂತ್ರ್ಯ ಮತ್ತು ಏಕೀಕರಣ ಒಂದೇ ನೊಗದ ಎರಡು ಎತ್ತುಗಳಾಗಿದ್ದವು. ದೊಡ್ಡಮೇಟಿಯವರು ಎರಡರ ಜೊತೆಗೂ ನಡೆದರು. ಚಳವಳಿಗೆ ಇಳಿದರು, ಸೆರೆಮನೆ ಕಂಡರು, ಮುಂಬಯಿ ವಿಧಾನಸಭೆಗೆ ಆರಿಸಿ ಹೋದರು.

ಜಕ್ಕಲಿಯಿಂದ ಮುಂಬಯಿ ಎಂದರೆ ಆಗ ಸಣ್ಣ ದಾರಿಯಲ್ಲ. ಗದಗಿನಲ್ಲಿ ಮೀಟರ್‌ಗೇಜ್ ರೈಲು ಹತ್ತಿ, ಹೋಟಗಿಯಲ್ಲೋ ಪುಣೆಯಲ್ಲೋ ಗಾಡಿ ಬದಲಿಸಬೇಕು. ಆ ಸದನದಲ್ಲಿ ಕನ್ನಡ ಜಿಲ್ಲೆಗಳ ಸದಸ್ಯರು ಕಡಿಮೆ. ಮಾತಿನ ತೂಕವೆಲ್ಲ ಮರಾಠಿ, ಗುಜರಾತಿ ಸೀಮೆಗಳದ್ದು. ಅಂಥಲ್ಲಿ ಎದ್ದು ನಿಂತು 1947ರಲ್ಲಿ ದೊಡ್ಡಮೇಟಿಯವರು ಕನ್ನಡ ನಾಡು ಒಂದಾಗಬೇಕೆಂಬ ಗೊತ್ತುವಳಿ ಮಂಡಿಸಿದರು. ಸದನ ಅದನ್ನು ಒಪ್ಪಿತು. ಸಂಖ್ಯೆಯ ಬಲವಿಲ್ಲದವನು ತನ್ನ ಮಾತಿಗೆ ಬೇರೆ ಭಾಷೆಯವರ ಕೈ ಎತ್ತಿಸಿದ್ದು ಸಣ್ಣ ಕೆಲಸವಲ್ಲ.

ಆಮೇಲಿನ ವರ್ಷಗಳು ನಿರಾಸೆಯವು. ಬ್ರಿಟಿಷರು ಹೋದ ಕೂಡಲೆ ಭಾಷಾವಾರು ಪ್ರಾಂತಗಳಾಗುತ್ತವೆ ಎಂದು ಕಾಂಗ್ರೆಸ್ಸಿಗರೇ ಜನಕ್ಕೆ ಮಾತು ಕೊಟ್ಟಿದ್ದರು. 1948ರಲ್ಲಿ ಧರ್ ಆಯೋಗ ಬೇಡವೆಂದಿತು. 1949ರಲ್ಲಿ ನೆಹರೂ, ಪಟೇಲ್, ಪಟ್ಟಾಭಿ ಅವರ ಸಮಿತಿ ಸದ್ಯಕ್ಕೆ ತಡೆಯೋಣ ಎಂದಿತು. ಹೊಸ ದೇಶ, ವಿಭಜನೆಯ ಗಾಯ ಹಸಿ. ನೆಹರೂ ಅವರ ಅಂಜಿಕೆಗೆ ಕಾರಣವಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಹಳ್ಳಿಹಳ್ಳಿಗೆ ಹೋಗಿ ಮಾತು ಕೊಟ್ಟು ಬಂದವರು ದೊಡ್ಡಮೇಟಿಯಂಥವರು. ಊರಿಗೆ ಹೋದರೆ ಕಟ್ಟೆಯ ಮೇಲೆ ಕೂತ ಜನ “ಏನಾತ್ರೀ ನಮ್ಮ ನಾಡಿಂದು?” ಎಂದು ಕೇಳುತ್ತಿದ್ದುದು ಅವರನ್ನು.

ತೆಲುಗರಿಗೆ ಬೇರೆ ರಾಜ್ಯ ಬೇಕೆಂದು ಉಪವಾಸ ಕೂತಿದ್ದ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್ 15ರಂದು ಪ್ರಾಣಬಿಟ್ಟರು. ತೆಲುಗರ ನಾಡು ಹೊತ್ತಿ ಉರಿಯಿತು. ಆಂಧ್ರ ರಾಜ್ಯದ ಘೋಷಣೆಯಾಯಿತು. ಕನ್ನಡಿಗರ ಸಹನೆಯ ಕಟ್ಟೆ ಒಡೆದದ್ದು ಆಗ. ಹುಬ್ಬಳ್ಳಿಯ ಮಗ್ಗುಲ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು 1953ರ ಮಾರ್ಚ್ ಕೊನೆಯಲ್ಲಿ ಆಮರಣ ಉಪವಾಸಕ್ಕೆ ಕೂತರು. ಏಪ್ರಿಲ್ 19ರಂದು ಪ್ರದೇಶ ಕಾಂಗ್ರೆಸ್ಸಿನ ಸಭೆ ನಡೆಯುತ್ತಿದ್ದ ಹುಬ್ಬಳ್ಳಿಗೆ ಸಾವಿರಾರು ಜನ ನುಗ್ಗಿದರು. ನಾಯಕರ ಮೇಲೆ ಜನರ ಸಿಟ್ಟು ಸ್ಫೋಟಿಸಿತು.

ಈ ಬಿಸಿಯ ನಡುವೆ ಜಕ್ಕಲಿಯಲ್ಲಿ ನಡೆದದ್ದು ಎರಡು ಸಂಗತಿ.

ಒಂದು, ಚಿತ್ರ. ದೊಡ್ಡಮೇಟಿಯವರು ಗದಗಿನ ಚಿತ್ರಕಾರ ಸಿ.ಎನ್. ಪಾಟೀಲರಿಂದ ತಾಯಿ ಭುವನೇಶ್ವರಿಯ ಚಿತ್ರ ಬರೆಸಿ, 1953ರಲ್ಲಿ ತಮ್ಮೂರಿನಲ್ಲಿ ಅದಕ್ಕೆ ಪೂಜೆ ಸಲ್ಲಿಸಿ, ನಾಡು ಒಂದಾಗುವವರೆಗೆ ಹೋರಾಡುವ ಸಂಕಲ್ಪ ತೊಟ್ಟರು. ಇದನ್ನು ಬರೀ ಭಕ್ತಿ ಎಂದು ನೋಡಿದರೆ ಅದರ ಜಾಣ್ಮೆ ತಪ್ಪಿಹೋಗುತ್ತದೆ. ಕರ್ನಾಟಕ ಎಂಬ ರಾಜ್ಯ ಆಗ ಯಾವ ನಕಾಶೆಯಲ್ಲೂ ಇರಲಿಲ್ಲ. ಓದು ಬಾರದ ರೈತನಿಗೆ, ಹಂತಿಯ ಹೆಣ್ಣುಮಗಳಿಗೆ, ‘ನೋಡು, ಇದಕ್ಕಾಗಿ’ ಎಂದು ತೋರಿಸಲು ಏನಾದರೂ ಬೇಕಿತ್ತು. ಗೊತ್ತುವಳಿಯ ಕಾಗದ ಅವರಿಗೆ ಸಾಲದು. ನಮ್ಮಲ್ಲಿ ಕಣಕ್ಕೆ ಇಳಿಯುವ ಮೊದಲು ಮೇಟಿಗೆ ಪೂಜೆ. ರಾಶಿ ಅಳೆಯುವಾಗಲೂ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಾರೆ. ಕೆಲಸಕ್ಕೂ ಪೂಜೆಗೂ ನಡುವೆ ಗೋಡೆ ಇಲ್ಲದ ಆ ಬದುಕಿನಲ್ಲಿ ಬೆಳೆದವರಿಗೆ ಮಾತ್ರ ಈ ದಾರಿ ಹೊಳೆಯುತ್ತದೆ. ನಾಡಿನ ಮೇಲಿನ ಪ್ರೀತಿಗೆ ಅವರು ‘ಕರ್ನಾಟಕ ಮಹಿಮ್ನಸ್ತೋತ್ರ’ ಎಂಬ ಕೃತಿಯ ರೂಪವನ್ನೂ ಕೊಟ್ಟರು.

ಇನ್ನೊಂದು, ಕಾಕಾ ಹೇಳಿದ್ದ ಖುರ್ಚಿ ಬಿಟ್ಟ ಮಾತು. ದೊಡ್ಡಮೇಟಿಯವರು ಆಳುವ ಪಕ್ಷದ ಶಾಸಕರು; ಮೊರಾರ್ಜಿ ದೇಸಾಯಿ ಮುಖ್ಯಮಂತ್ರಿ. ವಿರೋಧ ಪಕ್ಷದಲ್ಲಿದ್ದು ರಾಜೀನಾಮೆ ಬಿಸಾಕುವುದು ಬೇರೆ. ತನ್ನದೇ ಪಕ್ಷ, ತಾನು ಸೆರೆಮನೆಗೆ ಹೋಗಿ ಬೆಳೆಸಿದ ಪಕ್ಷ, ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲವೆಂದು ಶಾಸಕ ಸ್ಥಾನ ಬಿಟ್ಟು ಊರಿಗೆ ಬಂದು ಉಪವಾಸ ಕೂಡುವುದು ಬೇರೆ. ಅವರು ಕೂತದ್ದು ಮುಂಬಯಿಯಲ್ಲಲ್ಲ, ಧಾರವಾಡದಲ್ಲೂ ಅಲ್ಲ, ಜಕ್ಕಲಿಯಲ್ಲಿ. ಪತ್ರಿಕೆಯ ಕಣ್ಣಿಗೆ ಬೀಳಬೇಕಾದರೆ ಶಹರ ಬೇಕು. ಆದರೆ ಮಾತು ಕೊಟ್ಟದ್ದು ಎಲ್ಲಿಯೋ ಅಲ್ಲಿಯೇ ಬಂದು ಕೂಡುವುದು ಒಕ್ಕಲಿಗನ ರೀತಿ. ಸಾಲಗಾರ ಪಂಚರ ಮುಂದೆ ತನ್ನೂರಿನ ಕಟ್ಟೆಯ ಮೇಲೇ ನಿಲ್ಲುತ್ತಾನೆ. ಹೊರಗಿನ ಹರೆಯದ ಎತ್ತುಗಳು ಓಡುತ್ತಿದ್ದ ಆ ವರ್ಷ, ನಡುವೆ ನಿಲ್ಲುವವರೂ ಬೇಕಾಗಿತ್ತು.

1953ರ ಕೊನೆಗೆ ರಾಜ್ಯಗಳನ್ನು ಮರುವಿಂಗಡಿಸಲು ಫಜಲ್ ಅಲಿ ಆಯೋಗ ಬಂತು. 1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರಿನ ಜೊತೆ ಕೂಡಿದವು. ಗಜೇಂದ್ರಗಡದ ಗುಡ್ಡದ ಆಚೆಯ ಯಲಬುರ್ಗಾ, ಕುಷ್ಟಗಿಗಳೂ ಬಂದವು. ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ ಹೊರಗೇ ಉಳಿದವು.

ಕೂಡಿದ ನಾಡಿಗೆ ‘ಮೈಸೂರು’ ಎಂಬ ಹೆಸರೇ ನಿಂತಿತು. ಹಳೆ ಮೈಸೂರಿನವರಿಗೆ ಆ ಹೆಸರಿನ ಮೇಲಿದ್ದ ಅಭಿಮಾನ ಸಹಜವಾದದ್ದೇ. ಆದರೆ ಇತ್ತ ಕಡೆಯ ಜನಕ್ಕೆ, ಕಷ್ಟಪಟ್ಟು ಹಡೆದ ಕೂಸಿಗೆ ನೆರೆಮನೆಯವರ ಹೆಸರಿಟ್ಟಂತಾಯಿತು. ರೋಣದ ಪ್ರತಿನಿಧಿಯಾಗಿ ಹೊಸ ವಿಧಾನಸಭೆಗೆ ಬಂದ ದೊಡ್ಡಮೇಟಿಯವರು ‘ಕರ್ನಾಟಕ’ ಎಂದೇ ಆಗಬೇಕೆಂದು ಪಟ್ಟು ಹಿಡಿದವರಲ್ಲಿ ಮುಂದಿನವರು. ಗೆದ್ದ ಮೇಲೆ ಹಾರ ಹಾಕಿಸಿಕೊಂಡು ಸುಮ್ಮನಾಗುವವರು ಹೆಚ್ಚು. ಅರ್ಧ ಗೆದ್ದಿದ್ದೇವೆ ಎಂದು ಹೇಳುತ್ತಲೇ ಇರುವವರು ಯಾರಿಗೂ ಬೇಡವಾಗುತ್ತಾರೆ. ಅವರು ಹೇಳುತ್ತಲೇ ಇದ್ದರು.

1972ರಲ್ಲಿ ದೊಡ್ಡಮೇಟಿಯವರು ತೀರಿಕೊಂಡರು. 1973ರ ನವೆಂಬರ್ 1ರಂದು ನಾಡಿಗೆ ‘ಕರ್ನಾಟಕ’ ಎಂಬ ಹೆಸರಾಯಿತು. ಆ ಸಂಭ್ರಮವನ್ನು ಮುಖ್ಯಮಂತ್ರಿ ದೇವರಾಜ ಅರಸರು ಗದಗಿಗೂ ತಂದರು. ಜಕ್ಕಲಿಯಿಂದ ಗದಗಿಗೆ ಎಷ್ಟು ದೂರ? ಎತ್ತಿನ ಗಾಡಿಯಲ್ಲಿ ಹೊರಟರೂ ಅದೇ ದಿನ ಮುಟ್ಟಬಹುದು. ಇದನ್ನು ಬರೆಯುವಾಗ ಪ್ರತಿಸಲವೂ ನನಗೆ ಸಂಕಟವಾಗುತ್ತದೆ.

ರೋಣ, ನರಗುಂದ, ಗಜೇಂದ್ರಗಡದ ನಮ್ಮ ಸೀಮೆಯಲ್ಲಿ ಹೀಗೆ ಕಸುಬಿನ ಕಟ್ಟೆಯಿಂದ ರಾಜಕೀಯ ಎದ್ದದ್ದು ಅದೊಂದೇ ಸಲವಲ್ಲ. ನರಗುಂದದ್ದೇ ಒಂದು ದೊಡ್ಡ ಕಥೆ. 1858ರಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದು ಗಲ್ಲಿಗೇರಿದ ಬಾಬಾಸಾಹೇಬ ಭಾವೆಯವರ ಊರದು. ಆದರೆ ಅದು ಅರಸನ ಬಂಡಾಯ. 1980ರ ಜುಲೈ 21ರದ್ದು ಮೇಟಿಯವರ ಬಂಡಾಯ. ಮಲಪ್ರಭೆಯ ಕಾಲುವೆ ಬಂತು, ಅದರ ಹಿಂದೆಯೇ ಅಭಿವೃದ್ಧಿ ಕರವೂ ಬಂತು. ನೀರು ಹೊಲ ಮುಟ್ಟದವರ ಮೇಲೂ ಕರದ ಹೊರೆ. ಅದನ್ನು ಪ್ರತಿಭಟಿಸಿದ ರೈತರ ಮೇಲೆ ಗುಂಡು ಹಾರಿತು. ವೀರಪ್ಪ ಕಡ್ಲಿಕೊಪ್ಪ ಎಂಬ ಯುವಕ ನರಗುಂದದ ನೆಲದಲ್ಲಿ ಬಿದ್ದ. ಆ ಕಿಚ್ಚಿನಲ್ಲಿ ರಾಜ್ಯ ರೈತಸಂಘ ಹುಟ್ಟಿತು. 1983ರಲ್ಲಿ ಕರ್ನಾಟಕ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಕಂಡಿತು. ಹೆಗಲ ಮೇಲಿನ ಹಸಿರು ಟವೆಲ್ ವಿಧಾನಸೌಧದ ಒಳಗೆ ಹೋಯಿತು. ಇವತ್ತಿಗೂ ಜುಲೈ 21 ಬಂತೆಂದರೆ ವೀರಗಲ್ಲಿನ ಮುಂದೆ ರೈತರು ನೆರೆಯುತ್ತಾರೆ. 2015ರಲ್ಲಿ ಮಹದಾಯಿಯ ನೀರಿಗಾಗಿ ನರಗುಂದದಲ್ಲಿ ಮತ್ತೆ ಪೆಂಡಾಲು ಎದ್ದಿತು. ವರ್ಷಗಟ್ಟಲೆ ಜನ ಅಲ್ಲಿ ಕೂತರು. ಜಕ್ಕಲಿಯ ಉಪವಾಸವನ್ನು ಅವರಲ್ಲಿ ಎಷ್ಟು ಮಂದಿ ಕೇಳಿದ್ದರೋ. ಕೂಡುವ ರೀತಿ ಮಾತ್ರ ಅದೇ.

ಭುವನೇಶ್ವರಿಯ ಚಿತ್ರವಿಲ್ಲದೆ ಈಗ ನವೆಂಬರ್ ಕಳೆಯುವುದಿಲ್ಲ. ಬೆಂಗಳೂರಿನ ಆಟೋ ನಿಲ್ದಾಣದಿಂದ ಅಮೆರಿಕದ ಕನ್ನಡ ಕೂಟದವರೆಗೆ ತಾಯಿಗೆ ಹಾರ ಬೀಳುತ್ತದೆ. ಜಕ್ಕಲಿಯ ಮೂಲ ಚಿತ್ರವನ್ನು ದೊಡ್ಡಮೇಟಿಯವರ ಮನೆತನ ಜೋಪಾನವಾಗಿ ಇಟ್ಟುಕೊಂಡು ಬಂದಿದೆ. ಆದರೆ ಹಾರ ಹಾಕುವವರಲ್ಲಿ ಎಷ್ಟು ಜನಕ್ಕೆ ಜಕ್ಕಲಿ ಗೊತ್ತು? ನಮ್ಮದೇ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ರಾಜ್ಯೋತ್ಸವದ ದಿನ ಮಾತಾಡಲು ಹೋದಾಗ ಕೇಳಿದೆ. ಒಂದು ಹುಡುಗಿ ಮಾತ್ರ ಕೈ ಎತ್ತಿತು. “ನಮ್ಮವ್ವನ ತವರುಮನಿ ಜಕ್ಕಲಿರಿ” ಎಂದಿತು. ಗ್ರೀನ್‌ವಿಲ್‌ನವರು ಒಬ್ಬ ಸಿಂಪಿಗನ ಅಂಗಡಿಯನ್ನು, ಅವನ ತಪ್ಪು-ಒಪ್ಪುಗಳ ಸಮೇತ, ಇಂದಿಗೂ ಮಕ್ಕಳಿಗೆ ತೋರಿಸುತ್ತಾರೆ. ಜಕ್ಕಲಿಗೆ ರೋಣ, ನರಗುಂದ, ಗಜೇಂದ್ರಗಡದ ಶಾಲೆಗಳಿಂದ ವರ್ಷಕ್ಕೊಂದು ಬಸ್ಸಾದರೂ ಹೋಗಬೇಕು. ಬಾದಾಮಿ, ಹಂಪಿಗೆ ಹೋಗುವ ಹಾಗೆಯೇ.

ಹೋದ ಸುಗ್ಗಿಯಲ್ಲಿ ನಾನು ಜಕ್ಕಲಿಯ ದಾರಿಯಲ್ಲಿ ಹೊರಟಿದ್ದೆ. ಡಾಂಬರಿನ ಮೇಲೆ ಯಾರೋ ಕಡಲೆ ಗಿಡ ಹರಡಿದ್ದರು. ಗಾಡಿಗಳು ಹಾಯ್ದು ಕಾಳು ಉದುರಲಿ ಎಂದು. ಬಸ್ಸು ನಿಧಾನವಾಯಿತು. ಅಂಚಿಗೆ ನಿಂತಿದ್ದ ಮುದುಕ ಕೈಯಲ್ಲಿ ಜಂತಗುಂಟೆ ಹಿಡಿದು, ನಮ್ಮ ಬಸ್ಸು ದಾಟುವುದನ್ನೇ ಕಾದು, ಚೆದುರಿದ ಗಿಡವನ್ನು ಮತ್ತೆ ನಡುವಿಗೆ ಎಳೆದುಕೊಂಡ.